ಹಳೆಯ ಕಾರಿನ ಬೆಲೆಯೂ ನ್ಯಾಸಾಪಹಾರವೂ

ಅಣುವ್ರತಗಳ ಅತಿಚಾರಗಳನ್ನು ಓದುವಾಗ ಅವೆಲ್ಲ ಹಿಂದಿನ ಕಾಲದ ವರ್ತಕರಿಗೆ ಹೇಳಿದ ಮಾತುಗಳೆಂದು ಭಾವಿಸಿ ಮುಂದೆ ಸಾಗುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ನಾಲ್ಕನೆಯದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಬಹಳ ಸೂಕ್ಷ್ಮವಾದುದು. ಒಬ್ಬನು ತನ್ನ ಹಣವನ್ನು ಇನ್ನೊಬ್ಬನಲ್ಲಿ ಇಟ್ಟು ಹೋಗುತ್ತಾನೆ. ಕಾಲಾನಂತರ ಬಂದು ಕೇಳುವಾಗ ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಲೆಕ್ಕ ಹೇಳುತ್ತಾನೆ. ಇಟ್ಟುಕೊಂಡವನು ಹೌದೆಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಇಲ್ಲಿ ತಪ್ಪು ಲೆಕ್ಕ ಹೇಳಿದವನು ಅವನಲ್ಲ. ಎದುರಿನವನ ಮರೆವಿಗೆ ಒಂದು ಹೌದನ್ನು ಸೇರಿಸಿದನು, ಅಷ್ಟೆ. ಆ ಹೌದೇ ಅತಿಚಾರ.

ತೆಕ್ಕಟ್ಟೆಯಲ್ಲಿ ದಿನಸಿ ವ್ಯಾಪಾರ ಮಾಡಿಕೊಂಡಿರುವ ನಾನು ಯಾರ ಒಡವೆಯನ್ನೂ ಒತ್ತೆಯನ್ನೂ ಇಟ್ಟುಕೊಂಡವನಲ್ಲ. ಆದ್ದರಿಂದ ಈ ಅತಿಚಾರವು ನನ್ನ ಬಾಗಿಲಿಗೆ ಬಾರದೆಂದು ಬಹುಕಾಲ ನಂಬಿದ್ದೆ. 2025ರಲ್ಲಿ ಒಂದು ಹಳೆಯ ಕಾರು ಆ ನಂಬಿಕೆಯನ್ನು ಕೆಡಿಸಿತು.

ನನ್ನ ಮಿತ್ರರೂ ಅಂಗಡಿಯ ಹಳೆಯ ಗಿರಾಕಿಗಳೂ ಆಗಿದ್ದ ಒಬ್ಬ ನಿವೃತ್ತ ಶಿಕ್ಷಕರು ಆ ವರ್ಷದ ಆರಂಭದಲ್ಲಿ ತೀರಿಕೊಂಡರು. ಅವರ ಬಳಿ 2017ರ ಒಂದು ವ್ಯಾಗನ್ ಆರ್ ಕಾರು ಇತ್ತು. ಓಡಿದ್ದು ಮೂವತ್ತೊಂದು ಸಾವಿರ ಕಿಲೋಮೀಟರಿಗಿಂತ ಹೆಚ್ಚಿಲ್ಲ. ಕುಂದಾಪುರದ ಪೇಟೆ, ಆನೆಗುಡ್ಡೆಯ ದೇವಸ್ಥಾನ, ವರ್ಷಕ್ಕೆ ಒಂದೆರಡು ಬಾರಿ ಮಂಗಳೂರು, ಇಷ್ಟೇ ಅದರ ಸಂಚಾರ. ಎಷ್ಟೋ ಸಲ ನಾನೂ ಅದರಲ್ಲಿ ಕುಳಿತು ಹೋದವನು. ಅದರ ಒಳಗು ಹೊರಗು ನನಗೆ ಗೊತ್ತಿತ್ತು. ಅವರ ಪತ್ನಿಗೆ ಕಾರು ನಡೆಸಲು ಬಾರದು, ಮಗ ಬೆಂಗಳೂರಿನಲ್ಲಿ. ಆಗಸ್ಟ್ ಮೊದಲ ವಾರದಲ್ಲಿ ಆಕೆ ಅಂಗಡಿಗೆ ಬಂದು, ಕಾರನ್ನು ಹೊರಗಿನವರಿಗೆ ಕೊಡುವುದಕ್ಕಿಂತ ನೀವೇ ಇಟ್ಟುಕೊಳ್ಳಿ, ಮಗ ಮೊಬೈಲಿನಲ್ಲಿ ಬೆಲೆ ನೋಡಿದ್ದಾನೆ, ಎರಡು ಲಕ್ಷದ ನಲವತ್ತು ಸಾವಿರ ತೋರಿಸುತ್ತದೆ, ಸರಿಯೇ ಎಂದು ಕೇಳಿದರು. ನಾನು ಸರಿ ಎಂದೆ. ಮರುದಿನ ಹಣ ಸಂದಾಯವಾಯಿತು.

ಸರಿ ಎನ್ನುವಾಗ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲವೆಂದು ಬರೆಯಬಹುದಿತ್ತು. ಆದರೆ ಅದು ನಿಜವಲ್ಲ. ಬೆಲೆ ಕಡಿಮೆಯೆಂದು ಆ ಕ್ಷಣವೇ ತಿಳಿದಿತ್ತು. ಯಂತ್ರವೇ ಹೇಳಿದ ಬೆಲೆಯಲ್ಲವೆ, ನಾನು ಹೇಳಿದ್ದಲ್ಲವಲ್ಲ ಎಂಬ ಸಮಾಧಾನವೂ ಅದರ ಜೊತೆಯಲ್ಲೇ ಹುಟ್ಟಿತ್ತು. ವಾಣಿಜ್ಯ ಪದವೀಧರನಾದ ನನಗೆ ಅಂಕಿಯನ್ನು ಕಂಡರೆ ಗೌರವ ಹೆಚ್ಚು. ಆ ಗೌರವವು ಇಂತಹ ಸಂದರ್ಭದಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆಂಬುದನ್ನು ಓದುಗರು ಊಹಿಸಬಹುದು.

ಕೆಲವು ದಿನಗಳ ಬಳಿಕ ಆ ಅಂದಾಜನ್ನು ಪರೀಕ್ಷಿಸಬೇಕೆನಿಸಿತು. ಪಶ್ಚಾತ್ತಾಪದಿಂದಲ್ಲ, ನಾನು ಮಾಡಿದ್ದು ಸರಿಯೆಂದು ಖಚಿತಪಡಿಸಿಕೊಳ್ಳುವುದಕ್ಕಾಗಿ. ನನ್ನ ಮಗನನ್ನು ಕೂರಿಸಿಕೊಂಡು ಅದೇ ಕಾರಿನ ವಿವರಗಳನ್ನು ಮೂರು ಕಡೆ ಕೊಟ್ಟು ನೋಡಿದೆ. ಒಂದು 2,40,000 ಎಂದಿತು, ಇನ್ನೊಂದು 2,95,000, ಮತ್ತೊಂದು 3,30,000. ಒಂದೇ ಕಾರು, ಒಂದೇ ದಿನ. ಮೇಲಿನದಕ್ಕೂ ಕೆಳಗಿನದಕ್ಕೂ ತೊಂಬತ್ತು ಸಾವಿರದ ಅಂತರ. ಇವುಗಳಲ್ಲಿ ಯಾವುದು ನಿಜವೆಂದು ಕೇಳುವುದೇ ಮೊದಲ ತಪ್ಪು. ಪ್ರತಿಯೊಂದೂ ಯಾವ ಪ್ರಶ್ನೆಗೆ ಕೊಟ್ಟ ಉತ್ತರವೆಂದು ಕೇಳಬೇಕು. ಒಂದೇ ವಸ್ತುವಿಗೆ ನಯಭೇದದಿಂದ ಬೇರೆ ಬೇರೆ ವಚನಗಳು ಸಲ್ಲುತ್ತವೆಂಬುದು ನಮಗೆ ಹೊಸ ಮಾತಲ್ಲ. ಒಂದು ನಯದ ವಚನವನ್ನು ಪೂರ್ಣಸತ್ಯವೆಂದು ಹಿಡಿದಾಗ ಅದು ದುರ್ನಯವಾಗುತ್ತದೆ.

ಆ 2,40,000 ಎಂಬುದು ವಿನಿಮಯ ಬೆಲೆ. ಹಳೆಯ ಕಾರನ್ನು ವ್ಯಾಪಾರಿಗೆ ಒಪ್ಪಿಸಿ ಹೊಸದನ್ನು ಕೊಳ್ಳುವಾಗ ಅವನು ಹಳತಕ್ಕೆ ಕೊಡಲು ಒಪ್ಪುವ ಮೊತ್ತ. ವ್ಯಾಪಾರಿಯು ಅದನ್ನು ರಿಪೇರಿ ಮಾಡಿಸಬೇಕು, ಮಾರಾಟವಾಗುವ ತನಕ ಹಣ ಕಟ್ಟಿಕೊಂಡು ಕುಳಿತಿರಬೇಕು, ಮುಂದೆ ದೋಷ ಕಂಡರೆ ಗಿರಾಕಿಗೆ ಉತ್ತರಿಸಬೇಕು. ನೋಂದಾಯಿತ ವ್ಯಾಪಾರಿಯಾದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಜಿ.ಎಸ್.ಟಿ. ಕಟ್ಟಬೇಕು. ಸಣ್ಣ ಕಾರುಗಳಿಗೆ ಮೊದಲು ಶೇಕಡಾ 12 ಇದ್ದ ಈ ತೆರಿಗೆ 2025ರ ಜನವರಿಯಿಂದ ಶೇಕಡಾ 18 ಆಗಿದೆ. ಇಷ್ಟೆಲ್ಲ ಖರ್ಚನ್ನೂ ಅವನ ಲಾಭವನ್ನೂ ಕಳೆದು ಉಳಿಯುವುದೇ ವಿನಿಮಯ ಬೆಲೆ. ನಡುವಿನ ಅಂಕಿ ಒಬ್ಬ ಗೃಹಸ್ಥನು ಇನ್ನೊಬ್ಬ ಗೃಹಸ್ಥನಿಗೆ ನೇರವಾಗಿ ಮಾರುವ ಬೆಲೆ. ಮೇಲಿನದು ವ್ಯಾಪಾರಿಯ ಅಂಗಡಿಯಲ್ಲಿ ಗಿರಾಕಿ ಕೊಡುವ ಬೆಲೆ. ಆಕೆಯ ಮಗನು ನೋಡಿದ ಅಂಕಿ ತನ್ನ ಪ್ರಶ್ನೆಗೆ ತಕ್ಕ ಉತ್ತರವೇ ಆಗಿತ್ತು. ಆದರೆ ನಾನು ವಾಹನ ವ್ಯಾಪಾರಿಯಲ್ಲ. ಆ ಖರ್ಚುಗಳಲ್ಲಿ ಒಂದೂ ನನ್ನ ತಲೆಯ ಮೇಲೆ ಬೀಳುವುದಿಲ್ಲ. ಅಂದಾಜು ಸರಿಯಿತ್ತು, ನನ್ನ ಹೌದು ಸರಿಯಿರಲಿಲ್ಲ.

ಇಂತಹ ಬೆಲೆಪಟ್ಟಿಗಳ ಮೂಲವನ್ನು ಹುಡುಕಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ ಪ್ರಸಿದ್ಧವಾದ ಕೆಲ್ಲಿ ಬ್ಲೂ ಬುಕ್ ಎಂಬ ಪುಸ್ತಕ ಮೊದಲು ಪ್ರಕಟವಾದುದು 1926ರಲ್ಲಿ. ಲೆಸ್ ಕೆಲ್ಲಿ ಎಂಬ ಲಾಸ್ ಏಂಜಲಿಸ್‌ನ ಕಾರು ವ್ಯಾಪಾರಿಯು ತನಗೆ ಬೇಕಾದ ಹಳೆಯ ಕಾರುಗಳನ್ನೂ ಅವಕ್ಕೆ ತಾನು ಕೊಡಲು ಸಿದ್ಧವಿರುವ ಬೆಲೆಗಳನ್ನೂ ಬರೆದು ಇತರ ವ್ಯಾಪಾರಿಗಳಿಗೂ ಬ್ಯಾಂಕಿನವರಿಗೂ ಹಂಚುತ್ತಿದ್ದನು. ಆ ಪಟ್ಟಿಯೇ ಬೆಳೆದು ಪುಸ್ತಕವಾಯಿತು. ಎಂದರೆ ಅದು ಹುಟ್ಟಿದ್ದು ಕೊಳ್ಳುವವನ ಪಟ್ಟಿಯಾಗಿ. ಅದರಲ್ಲಿ ಅನ್ಯಾಯವಿಲ್ಲ. ಕೊಳ್ಳುವವನ ಪಟ್ಟಿಯನ್ನು ಮಾರುವವನು ನ್ಯಾಯಾಧೀಶನ ತೀರ್ಪೆಂದು ಓದಿಕೊಂಡಾಗ ಮಾತ್ರ ಅದು ಅನ್ಯಾಯಕ್ಕೆ ದಾರಿಯಾಗುತ್ತದೆ.

ಅಂದಾಜಿನ ಒಳಗೆ ಸೇರುವ ವಿವರಗಳನ್ನೂ ಸ್ವಲ್ಪ ನೋಡಬೇಕು. ಈ ಕಾರಿನ ವಿಷಯದಲ್ಲಿ ಒಂದು ವಿಚಿತ್ರವಿತ್ತು. ವಾಹನದ ಒಡೆಯರು ತೀರಿಕೊಂಡಾಗ ವಾರಸುದಾರರು ಮೂವತ್ತು ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಆಕೆ ಅದನ್ನೆಲ್ಲ ಕ್ರಮವಾಗಿ ಮಾಡಿಸಿದ್ದರು. ಆದ್ದರಿಂದ ದಾಖಲೆಯಲ್ಲಿ ಆಕೆ ಎರಡನೆಯ ಒಡತಿ. ಅಂದಾಜು ಕೇಳುವ ಪುಟದಲ್ಲಿ ಎಷ್ಟನೆಯ ಒಡೆತನವೆಂಬ ಪ್ರಶ್ನೆಗೆ ಮಗನು ಪ್ರಾಮಾಣಿಕವಾಗಿ ಎರಡು ಎಂದು ತುಂಬಿದ್ದನು. ನಾವು ಅದನ್ನೇ ಒಂದು ಎಂದು ಬದಲಾಯಿಸಿ ನೋಡಿದಾಗ ಬೆಲೆ ಇಪ್ಪತ್ತೆರಡು ಸಾವಿರ ಏರಿತು. ಕಾರು ಅದೇ ಅಂಗಳದಲ್ಲಿ ಅದೇ ಮಾವಿನ ಮರದ ಕೆಳಗೆ ನಿಂತಿತ್ತು. ಗಂಡನ ಹೆಸರು ಹೋಗಿ ಹೆಂಡತಿಯ ಹೆಸರು ಬಂದುದಕ್ಕೆ ಅದರ ಯಂತ್ರ ಸವೆಯಲಿಲ್ಲ. ಒಡೆತನ ಬದಲಾದರೆ ಬಳಸಿದ ಕೈ ಬದಲಾಗಿದೆಯೆಂದು ಆ ಲೆಕ್ಕ ಭಾವಿಸುತ್ತದೆ. ಸಾಮಾನ್ಯವಾಗಿ ಅದು ನಿಜ. ವಿಧವೆಯ ಪಾಲಿಗೆ ಸುಳ್ಳು.

ನಮ್ಮ ಊರಿನ ಗುಣವೂ ಇದರಲ್ಲಿ ಸೇರುತ್ತದೆ. ತೆಕ್ಕಟ್ಟೆಯು ಸಮುದ್ರಕ್ಕೂ ರಾಷ್ಟ್ರೀಯ ಹೆದ್ದಾರಿ 66ಕ್ಕೂ ಹೊಂದಿಕೊಂಡಿರುವ ಊರು. ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಕಾರಿನ ತಳದ ಕಬ್ಬಿಣವನ್ನು ತಿನ್ನುವ ಬಗೆ ಘಟ್ಟದ ಮೇಲಿನವರಿಗೆ ತಿಳಿಯದು. ಅಂದಾಜಿನ ಪುಟವು ಊರಿನ ಹೆಸರು ಕೇಳಿದರೂ ಪಟ್ಟಿಯಲ್ಲಿ ಇರುವುದು ಉಡುಪಿಯೋ ಮಂಗಳೂರೋ. ಅಷ್ಟು ದೊಡ್ಡ ಪ್ರದೇಶದಲ್ಲಿ ನಡೆದ ಮಾರಾಟಗಳ ಸರಾಸರಿಯಿಂದ ಒಂದು ಕಾರಿನ ತಳದ ತುಕ್ಕು ತಿಳಿಯುವುದು ಹೇಗೆ? ಅಲ್ಲದೆ ನಮ್ಮ ಕಡೆ ಹಳೆಯ ಕಾರುಗಳು ಪರಿಚಯದಿಂದಲೇ ಕೈ ಬದಲಾಗುವುದು ಹೆಚ್ಚು. ಆ ಬೆಲೆಗಳು ಯಾವ ಪುಟಕ್ಕೂ ಸೇರುವುದಿಲ್ಲ. ಸೇರುವುವು ಬಹುಮಟ್ಟಿಗೆ ಜಾಹೀರಾತಿನಲ್ಲಿ ಕೇಳಿದ ಬೆಲೆಗಳು. ಕೇಳಿದ ಬೆಲೆಯೂ ಕೊಟ್ಟ ಬೆಲೆಯೂ ಒಂದೇ ಅಲ್ಲವೆಂಬುದನ್ನು ಅಂಗಡಿಯಲ್ಲಿ ಕುಳಿತವರಿಗೆ ಯಾರೂ ಕಲಿಸಬೇಕಾಗಿಲ್ಲ.

ವಿಮಾ ಪತ್ರದಲ್ಲಿ ಬರೆದಿರುವ ಬೆಲೆಯನ್ನು ಆಧಾರವಾಗಿ ಹಿಡಿಯಬಹುದೆಂದು ಕೆಲವರು ಹೇಳುತ್ತಾರೆ. ಅದೂ ಮಾರುಕಟ್ಟೆಯ ಬೆಲೆಯಲ್ಲ. 2002ರ ಮೋಟಾರು ವಿಮಾ ದರಪಟ್ಟಿಯ ಕೋಷ್ಟಕದಂತೆ ನಾಲ್ಕರಿಂದ ಐದು ವರ್ಷದ ವಾಹನಕ್ಕೆ ಶೇಕಡಾ 50 ಸವಕಳಿ; ಐದು ವರ್ಷ ದಾಟಿದ ಮೇಲೆ ವಿಮೆ ಕೊಡುವವರೂ ಮಾಡಿಸುವವರೂ ಒಪ್ಪಿದ್ದೇ ಬೆಲೆ. ಇನ್ನು ಲೆಕ್ಕಪುಸ್ತಕದ ಸವಕಳಿಯೋ? ಐದು ಲಕ್ಷದ ಕಾರಿಗೆ ವರ್ಷಕ್ಕೆ ಶೇಕಡಾ 15ರಂತೆ ಉಳಿಕೆಯ ಮೇಲೆ ಕಳೆಯುತ್ತ ಹೋದರೆ ಎಂಟು ವರ್ಷಕ್ಕೆ ಸುಮಾರು 1,36,000 ಉಳಿಯುತ್ತದೆ. ಆ ಬೆಲೆಗೆ ಅಂತಹ ಕಾರನ್ನು ಕೊಡುವವರಿದ್ದರೆ ನಾಳೆ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ.

ಆನ್‌ಲೈನ್ ಅಂದಾಜಿನಲ್ಲಿ ದೋಷವಿರುವುದು ಸಹಜ. ನನ್ನ ಅಂಗಡಿಯ ತಕ್ಕಡಿಯಲ್ಲೂ ದೋಷವಿದೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಪರಿಶೀಲನೆಯಾಗಿ ಮುದ್ರೆ ಬೀಳುತ್ತದೆ. ಅಲ್ಲಿಯೂ ಇಂತಿಷ್ಟು ದೋಷ ಸಹ್ಯವೆಂದು ನಿಯಮವೇ ಹೇಳುತ್ತದೆ. ದೋಷರಹಿತವಾದ ತಕ್ಕಡಿ ಲೋಕದಲ್ಲಿಲ್ಲ. ಆದರೆ ದೋಷವು ಒಮ್ಮೆ ಗಿರಾಕಿಯ ಕಡೆಗೆ, ಒಮ್ಮೆ ಅಂಗಡಿಯವನ ಕಡೆಗೆ ಬೀಳುತ್ತಿದ್ದರೆ ಅದು ಯಂತ್ರದ ಗುಣ. ಸದಾ ಅಂಗಡಿಯವನ ಕಡೆಗೇ ಬೀಳುತ್ತಿದ್ದರೆ ಅದು ಅಂಗಡಿಯವನ ಗುಣ. ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂದು ಹೇಳಿರುವುದು ಇದನ್ನೇ: ಕೊಡಲು ಒಂದು ಅಳತೆ, ಕೊಳ್ಳಲು ಇನ್ನೊಂದು ಅಳತೆ.

ವಾಹನದ ಅಂದಾಜಿಗೂ ಈ ಪರೀಕ್ಷೆಯನ್ನೇ ಹಚ್ಚಬೇಕೆಂದು ನನ್ನ ಅಭಿಪ್ರಾಯ. ಪರಿಚಿತರು ವಾಹನ ಮಾರುವಾಗ ಮೊದಲು ತೋರಿಸಿದ ಅಂದಾಜನ್ನೂ ಕೊನೆಗೆ ಕೈಗೆ ಬಂದ ಹಣವನ್ನೂ ಬರೆದಿಡಲು ಆರಂಭಿಸಿದ್ದೇನೆ. ಟಿಪ್ಪಣಿ ಇನ್ನೂ ಚಿಕ್ಕದು. ಅದರಿಂದ ದೊಡ್ಡ ತೀರ್ಮಾನ ಸಲ್ಲದು. ಎಲ್ಲೆಡೆ ಓಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಅಂತರ ಕಡಿಮೆ. ಅಪರೂಪದ ಮಾದರಿ, ಹಳೆಯ ಡೀಸೆಲ್ ವಾಹನ, ತಯಾರಿಕೆ ನಿಂತುಹೋದ ವಾಹನ ಇವುಗಳಲ್ಲಿ ಅಂದಾಜಿಗೆ ಅರ್ಥವೇ ಕಡಿಮೆ. ಕಾರನ್ನು ಕಣ್ಣಾರೆ ಪರೀಕ್ಷಿಸಿದ ಮೇಲೆ ಬೆಲೆ ಇಳಿದ ಉದಾಹರಣೆಗಳು ನನ್ನ ಟಿಪ್ಪಣಿಯಲ್ಲಿ ಹಲವು. ಏರಿದ್ದು ಇನ್ನೂ ಒಂದೂ ಇಲ್ಲ. ಇದರ ತಪ್ಪೆಲ್ಲ ಯಂತ್ರದ್ದೂ ಅಲ್ಲ. ಕಾರಿನ ಸ್ಥಿತಿ ಉತ್ತಮವೋ ಸಾಧಾರಣವೋ ಎಂದು ಕೇಳಿದಾಗ ಸಾಧಾರಣವೆಂದು ತುಂಬುವ ಒಡೆಯನನ್ನು ನಾನು ಕಂಡಿಲ್ಲ.

ವಿನಿಮಯಕ್ಕೆ ಕೊಡುವವರಿಗೆ ಇನ್ನೊಂದು ಮಾತು. ಹಳತಕ್ಕೆ ಅಂದಾಜಿಗಿಂತ ಇಪ್ಪತ್ತು ಸಾವಿರ ಹೆಚ್ಚು ಬೋನಸ್ ಎಂದು ಕೊಟ್ಟು, ಹೊಸತರಲ್ಲಿ ಸಿಗಬೇಕಾದ ರಿಯಾಯಿತಿಯನ್ನು ಅಷ್ಟೇ ಕಡಿಮೆ ಮಾಡಿದರೆ ಲೆಕ್ಕ ಎಲ್ಲಿಗೆ ಬಂತು? ವಿನಿಮಯವಿಲ್ಲದೆ ಹೊಸ ಕಾರಿನ ಕೊನೆಯ ಬೆಲೆಯೆಷ್ಟೆಂದು ಮೊದಲು ಬರೆಸಿಕೊಂಡು, ಆಮೇಲೆ ಹಳತರ ಮಾತೆತ್ತಬೇಕು. ಕೈಯಿಂದ ಹೋಗುವ ಒಟ್ಟು ಹಣವೊಂದೇ ನಂಬತಕ್ಕ ಅಂಕಿ.

ಇಷ್ಟೆಲ್ಲ ತಿಳಿದ ಮೇಲೂ ನಾನು ಏನನ್ನೂ ಮಾಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ವ್ಯವಹಾರ ಮುಗಿದಿತ್ತು; ಆಕೆ ಸಂತುಷ್ಟರಾಗಿದ್ದರು. ಅಷ್ಟರಲ್ಲಿ ದಶಲಕ್ಷಣ ಪರ್ವ ಬಂತು. ಪರ್ವದ ಹತ್ತು ದಿನಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಏಳನೆಯ ದಿನ, ಸೆಪ್ಟೆಂಬರ್ 3ರಂದು, ಏಳನೆಯ ಅಧ್ಯಾಯ. ವರ್ಷವರ್ಷವೂ ಓದಿದ ಸೂತ್ರವೇ. ಈ ಬಾರಿ ನ್ಯಾಸಾಪಹಾರವೆಂಬ ಪದದಲ್ಲಿ ಕಣ್ಣು ನಿಂತಿತು. ಇಟ್ಟವನಿಗೆ ಸಂಖ್ಯೆ ಮರೆತಿರುವುದೂ ಮಾರುವವಳಿಗೆ ಬೆಲೆ ತಿಳಿಯದಿರುವುದೂ ಒಂದೇ ಜಾತಿಯವು. ತಿಳಿದವನ ಹೌದಿನಲ್ಲಿ ವ್ಯತ್ಯಾಸವೇನೂ ಇಲ್ಲ. ಅಂತರವನ್ನು ಹಿಂದಿರುಗಿಸಬೇಕೆಂದು ಆ ರಾತ್ರಿಯೇ ನಿಶ್ಚಯಿಸಿದೆ.

ಮರುದಿನ ಬೆಳಿಗ್ಗೆ ಪತ್ರಿಕೆ ತೆರೆದರೆ, ಹಿಂದಿನ ದಿನ ದೆಹಲಿಯಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿಯ ಸಭೆ ಸಣ್ಣ ಕಾರುಗಳ ತೆರಿಗೆಯನ್ನು ಇಳಿಸಿತ್ತು. ವ್ಯಾಗನ್ ಆರ್‌ನಂತಹ ಪೆಟ್ರೋಲ್ ಕಾರಿಗೆ ಅದುವರೆಗೆ ತೆರಿಗೆ ಶೇಕಡಾ 28, ಮೇಲೆ ಶೇಕಡಾ 1 ಸೆಸ್. ಸೆಪ್ಟೆಂಬರ್ 22ರಿಂದ ಒಟ್ಟು ಶೇಕಡಾ 18. ತೆರಿಗೆಗೆ ಮೊದಲು ಐದು ಲಕ್ಷವಿದ್ದ ಕಾರು 6,45,000ದಿಂದ 5,90,000ಕ್ಕೆ ಇಳಿಯುತ್ತದೆ. ಹೊಸತು ಐವತ್ತೈದು ಸಾವಿರ ಅಗ್ಗವಾದರೆ ಹಳತೂ ಇಳಿಯಲೇಬೇಕು. ನಿನ್ನೆಯ ತನಕದ ಮಾರಾಟಗಳಿಂದ ಕಟ್ಟಿದ ಅಂದಾಜುಗಳೆಲ್ಲ ಒಂದೇ ರಾತ್ರಿಯಲ್ಲಿ ಹಳತಾದವು. ಅಂದಾಜು ಹಿಂದಕ್ಕೆ ನೋಡಿ ಮುಂದಕ್ಕೆ ನಡೆಯುವ ಕೆಲಸ. ಅಮೆರಿಕದ ಜಿಲ್ಲೋ ಎಂಬ ಸಂಸ್ಥೆಯು ತಾನೇ ಕಟ್ಟಿದ ಅಂದಾಜನ್ನು ನಂಬಿ ಮನೆಗಳನ್ನು ಕೊಂಡು, ಮುಂದಿನ ಬೆಲೆಯನ್ನು ಊಹಿಸಲಾರದೆ, 2021ರ ನವೆಂಬರಿನಲ್ಲಿ ಆ ವ್ಯಾಪಾರವನ್ನೇ ಮುಚ್ಚಬೇಕಾಯಿತು.

ನನ್ನ ಮನಸ್ಸು ಕೂಡಲೇ ಒಂದು ದಾರಿ ತೋರಿಸಿತು. ಬೆಲೆ ಈಗ ಇಳಿದಿದೆ, ಆದ್ದರಿಂದ ನಾನು ಕೊಟ್ಟ 2,40,000 ಈಗ ಹೆಚ್ಚುಕಡಿಮೆ ನ್ಯಾಯವಾದ ಬೆಲೆಯೇ ಆಯಿತು, ಹಿಂದಿರುಗಿಸುವುದೇನಿದೆ? ಎರಡು ದಿನ ಈ ವಾದವನ್ನು ಮೆಲುಕು ಹಾಕಿದೆ. ಲೆಕ್ಕದಲ್ಲಿ ಅದಕ್ಕೆ ಖಂಡನೆ ಕಾಣಲಿಲ್ಲ. ಕೊನೆಗೆ ಹೊಳೆದದ್ದು ಸಾಮಾನ್ಯ ಬುದ್ಧಿಯ ಮಾತು. ಹೌದೆಂದ ದಿನ ಆಗಸ್ಟಿನದು. ಆ ದಿನ ತೆರಿಗೆ ಇಳಿಯುವುದು ಆಕೆಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ; ತೆರಿಗೆ ಸುಧಾರಣೆಯನ್ನು ಪ್ರಧಾನಿಯವರು ಕೆಂಪುಕೋಟೆಯಿಂದ ಸಾರಿದ್ದೂ ಅದಾದ ಮೇಲೆ, ಆಗಸ್ಟ್ 15ರಂದು. ಇಬ್ಬರಿಗೂ ತಿಳಿಯದ್ದು ಇಬ್ಬರ ಪಾಲಿಗೂ ಸಮಾನವಾದ ಅದೃಷ್ಟ. ಒಬ್ಬನಿಗೆ ತಿಳಿದು ಇನ್ನೊಬ್ಬಳಿಗೆ ತಿಳಿಯದ್ದು ಯಾವುದೋ ಅದನ್ನು ಮಾತ್ರ ನಾನು ಲೆಕ್ಕ ಹಾಕಬೇಕಾಗಿತ್ತು.

ಹಾಗೆ ಲೆಕ್ಕ ಹಾಕಿದೆ. ಅದೇ ವರ್ಷದ, ಇದಕ್ಕಿಂತ ಹೆಚ್ಚು ಓಡಿದ ಒಂದು ವ್ಯಾಗನ್ ಆರ್ ಜುಲೈ ತಿಂಗಳಿನಲ್ಲಿ ಕೋಟೇಶ್ವರದಲ್ಲಿ ಮೂರು ಲಕ್ಷಕ್ಕೆ ಹೋಗಿತ್ತು. ಅದು ಅಪವಾದವಿರಬಹುದೆಂದು ನಡುವಿನ ಅಂಕಿಯಾದ 2,95,000ವನ್ನೇ ಹಿಡಿದೆ. ಮೆಕ್ಯಾನಿಕರನ್ನು ಕರೆಸಿ ತಳ ನೋಡಿಸಿದೆ. ತುಕ್ಕಿಗೆ ಹನ್ನೊಂದು ಸಾವಿರ, ಎರಡು ಟಯರಿಗೆ ಆರು ಸಾವಿರ. ಉಳಿದದ್ದು 2,78,000. ಅಂತರ 38,000.

ಪರ್ವ ಮುಗಿದು ಕ್ಷಮಾವಣಿಯ ದಿನ ಆಕೆಯ ಮನೆಗೆ ಹೋದೆ. ಆ ದಿನ ಕೈಮುಗಿದು ಕ್ಷಮೆ ಕೇಳಿ ಬರುವುದು ಸುಲಭ. ಕವರು ಹಿಡಿದು ಹೋಗುವುದು ಅಷ್ಟು ಸುಲಭವಲ್ಲವೆಂದು ಅಂಗಳ ದಾಟುವಾಗ ತಿಳಿಯಿತು. ವಿಷಯ ಹೇಳಿದಾಗ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಹೊಸ ಕಾರುಗಳೆಲ್ಲ ಅಗ್ಗವಾದವೆಂದು ಮಗ ಹೇಳುತ್ತಿದ್ದ, ಈಗ ನಿಮಗೇ ನಷ್ಟವಲ್ಲವೆ ಎಂದರು. ಆ ನಷ್ಟ ನನ್ನದು, ಈ ಹಣ ನಿಮ್ಮದು ಎಂದೆ. ಆಕೆ ಮಗನಿಗೆ ಫೋನು ಮಾಡಿದರು. ಅವನು ಲೆಕ್ಕವನ್ನು ಒಂದೊಂದಾಗಿ ಕೇಳಿ, ಟಯರಿನ ಆರು ಸಾವಿರ ಹೇಗೆ ಬಂತೆಂದು ವಿಚಾರಿಸಿದನು. ಕೇಳುವ ಹಕ್ಕು ಅವನಿಗಿತ್ತು. ಆದರೂ ನನಗೆ ಸ್ವಲ್ಪ ಸಿಟ್ಟು ಬಂತೆಂಬುದನ್ನು ಮುಚ್ಚಿಡಲಾರೆ. ಕೊನೆಗೆ ಆಕೆ ಹಣ ತೆಗೆದುಕೊಂಡು, ಹಳೆಯ ರಸೀದಿಯಲ್ಲಿ ಬೆಲೆಯನ್ನು ತಿದ್ದಿ ಬರೆದುಕೊಡಿ ಎಂದರು. ಶಿಕ್ಷಕರ ಮನೆಯ ಶಿಸ್ತು. ಬರೆದುಕೊಟ್ಟೆ.

ಸಂಜೆ ಅಂಗಡಿಯಲ್ಲಿ ಮಗನು ಆ 38,000ವನ್ನು ಧರ್ಮಾರ್ಥ ಎಂಬ ಖಾತೆಯಲ್ಲಿ ಬರೆದಿದ್ದನು. ಅದನ್ನು ಹೊಡೆದುಹಾಕಿ, ಕಾರಿನ ಖರೀದಿ, ಬಾಕಿ ಪಾವತಿ ಎಂದು ಬರೆಸಿದೆ.